ಬಾಟಲಿಗೆ ಸುತ್ತಿದ ಟಾರ್ಟನ್: ಎಳೆ ತಪ್ಪಿದರೆ ಕುಲವೇ ತಪ್ಪುತ್ತದೆ

ಸ್ಕಾಟ್ಲೆಂಡಿನ ಗೋರ್ಡನ್ ಕುಲದ ಟಾರ್ಟನ್ ಎಂಬ ಚೌಕಳಿ ಬಟ್ಟೆಯಲ್ಲಿ ಒಂದು ಹಳದಿ ಗೆರೆ ಇದೆ. ಕಡುನೀಲಿ, ಕಪ್ಪು, ಹಸಿರಿನ ಚೌಕಳಿ. ಆ ಹಸಿರು ಪಟ್ಟೆಯ ನಟ್ಟನಡುವೆ ಹಾದುಹೋಗುವ ಸಣ್ಣ ಗೆರೆ ಅದು. ಆ ಗೆರೆಯನ್ನು ತೆಗೆದರೆ ಉಳಿಯುವುದು ಗೋರ್ಡನ್ ಅಲ್ಲ, ಬ್ರಿಟಿಷ್ ಸೇನೆಯ ಬ್ಲ್ಯಾಕ್ ವಾಚ್ ಪಡೆಯ ಟಾರ್ಟನ್. 1793ರಲ್ಲಿ ಗೋರ್ಡನ್ ಡ್ಯೂಕ್ ಹೊಸ ಪಡೆ ಕಟ್ಟಲು ಹೊರಟಾಗ, ಹಂಟ್ಲಿ ಊರಿನ ಬಟ್ಟೆ ತಯಾರಕ ವಿಲಿಯಂ ಫೋರ್ಸೈತ್ ಸೇನೆಯ ಟಾರ್ಟನ್‌ಗೇ ಹಳದಿ ಗೆರೆ ಸೇರಿಸಿ ಮೂರು ಮಾದರಿ ಮುಂದಿಟ್ಟ. ಒಂದರಲ್ಲಿ ಒಂದು ಗೆರೆ, ಇನ್ನೊಂದರಲ್ಲಿ ಎರಡು, ಮತ್ತೊಂದರಲ್ಲಿ ಮೂರು. ಒಂದು ಗೆರೆಯದು ಒಪ್ಪಿಗೆಯಾಯಿತು. ಅವತ್ತಿನಿಂದ ಇವತ್ತಿನವರೆಗೆ ಗೋರ್ಡನ್ ಕುಲದ ಗುರುತು ಎಂದರೆ ಆ ಒಂದು ಗೆರೆ.

ಈ ಬಟ್ಟೆಯನ್ನು ಅರ್ಧ ಲೀಟರ್ ಬಾಟಲಿಯ ಲೇಬಲ್‌ಗೆ ಇಳಿಸಿ ನೋಡಿ. ಅಲ್ಲಿನ ಗಂಡಸರು ಸೊಂಟಕ್ಕೆ ಸುತ್ತುವ ಕಿಲ್ಟ್ ಮೇಲೆ ಕಣ್ಣಿಗೆ ಹೊಡೆಯುವಂತಿದ್ದ ಗೆರೆ ಇಲ್ಲಿ ಅರ್ಧ ಮಿಲಿಮೀಟರ್ ಆಸುಪಾಸಿಗೆ ಕುಗ್ಗುತ್ತದೆ. ಮುದ್ರಣ ಯಂತ್ರದಲ್ಲಿ ಬಣ್ಣಗಳ ಹೊಂದಾಣಿಕೆ ಕೂದಲೆಳೆಯಷ್ಟು ಜಾರಿದರೂ ಅಕ್ಕಪಕ್ಕದ ಹಸಿರು ಅದನ್ನು ನುಂಗಿಹಾಕುತ್ತದೆ. ಆಗ ಬಾಟಲಿ ಮೇಲೆ ಗೋರ್ಡನ್ ಎಂಬ ಹೆಸರು ಇರುತ್ತದೆ, ಗೋರ್ಡನ್ ಟಾರ್ಟನ್ ಇರುವುದಿಲ್ಲ. ತಂಪು ಪಾನೀಯದ ಕಂಪನಿಗಳು ಕುಲದ ಟಾರ್ಟನ್‌ಗಳನ್ನು ಮಾರಾಟಕ್ಕೆ ಬಳಸುವುದು ಸರಿಯೋ ತಪ್ಪೋ ಎಂಬ ಚರ್ಚೆ ಆಗಾಗ ಏಳುತ್ತದೆ. ಬಳಸುವುದಾದರೆ ಸರಿಯಾಗಿ ಬಳಸುವುದು ಹೇಗೆ ಎಂಬ ಪ್ರಶ್ನೆ ಅದಕ್ಕಿಂತ ಕಷ್ಟದ್ದು. ಕಾನೂನು ಇಲ್ಲಿ ಟಾರ್ಟನ್‌ನ ಕೈ ಹಿಡಿಯುವುದು ಬಹಳ ಕಡಿಮೆ. ಅದನ್ನು ಕಾಯಬೇಕಾದವರು ಲೇಬಲ್ ವಿನ್ಯಾಸ ಮಾಡುವವರು ಮತ್ತು ಮುದ್ರಿಸುವವರು.

ಉದಾಹರಣೆಗೆ ದೂರ ಹೋಗಬೇಕಾಗಿಲ್ಲ. ಸ್ಕಾಟ್ಲೆಂಡಿನಲ್ಲಿ ಮನೆಮಾತಾದ ಕಿತ್ತಳೆ ಬಣ್ಣದ ಪಾನೀಯ ಇರ್ನ್-ಬ್ರೂ. 1901ರಿಂದ ಮಾರುಕಟ್ಟೆಯಲ್ಲಿದೆ, ತಯಾರಕರು ಎ.ಜಿ. ಬಾರ್ ಕಂಪನಿ, ಕಾರ್ಖಾನೆ ಗ್ಲಾಸ್ಗೋ ಹತ್ತಿರದ ಕಂಬರ್ನಾಲ್ಡ್‌ನಲ್ಲಿ. 2015ರಲ್ಲಿ ಈ ಕಂಪನಿ ಹತ್ತಾರು ಕುಲಗಳ ಟಾರ್ಟನ್ ಹೊದಿಸಿದ ಸೀಮಿತ ಆವೃತ್ತಿಯ ಬಾಟಲಿಗಳನ್ನು ಅಂಗಡಿಗೆ ಬಿಟ್ಟಿತು. ಅದಕ್ಕೆ ಮೊದಲು ಕೋಕಾ-ಕೋಲಾ 2011ರಲ್ಲಿ ಆಸ್ಟ್ರೇಲಿಯಾದಲ್ಲಿ, 2013ರಲ್ಲಿ ಬ್ರಿಟನ್ನಿನಲ್ಲಿ ಬಾಟಲಿ ಮೇಲೆ ಜನರ ಹೆಸರು ಮುದ್ರಿಸಿ ಗೆದ್ದಿತ್ತು. ವ್ಯಕ್ತಿಯ ಹೆಸರಿಗೆ ಬದಲು ಮನೆತನದ ಹೆಸರು, ಹೆಸರಿನ ಜೊತೆಗೆ ಅದರ ಬಟ್ಟೆ: ಸ್ಕಾಟ್ಲೆಂಡಿಗೆ ಇದು ಸಹಜವಾಗಿಯೇ ಹೊಂದಿತು. ಇರ್ನ್-ಬ್ರೂ ಬಗ್ಗೆ ಅಲ್ಲಿನವರ ಅಭಿಮಾನ ಎಷ್ಟೆಂದರೆ, 2018ರ ಜನವರಿಯಲ್ಲಿ ಸಕ್ಕರೆಯನ್ನು 100 ಮಿ.ಲೀ.ಗೆ 10.3 ಗ್ರಾಂನಿಂದ 4.7 ಗ್ರಾಂಗೆ ಇಳಿಸಿದಾಗ ಜನ ಹಳೆಯ ರುಚಿ ಉಳಿಸಿ ಎಂದು ಸಹಿ ಸಂಗ್ರಹಿಸಿದರು, ಹಳೆಯ ಬಾಟಲಿಗಳನ್ನು ಮನೆಯಲ್ಲಿ ಕೂಡಿಟ್ಟರು. ಅಂಥ ಬಾಟಲಿಯ ಮೇಲೆ ತಮ್ಮ ಕುಲದ ಬಟ್ಟೆ ತಪ್ಪಾಗಿ ಬಂದರೆ ಸುಮ್ಮನಿರುವ ಜನ ಅವರಲ್ಲ.

ಟಾರ್ಟನ್ ಎಂದರೆ ಲೆಕ್ಕ

ಕನ್ನಡದಲ್ಲಿ ಇದನ್ನು ವಿವರಿಸುವುದು ಸುಲಭ, ಏಕೆಂದರೆ ಹಾಸು, ಹೊಕ್ಕು, ಎಳೆ ಎಂಬ ಮಾತುಗಳು ನಮ್ಮಲ್ಲಿ ಮೊದಲೇ ಇವೆ. ಟಾರ್ಟನ್‌ನಲ್ಲಿ ಬಣ್ಣದ ಎಳೆಗಳು ಒಂದು ಗೊತ್ತಾದ ಸರದಿಯಲ್ಲಿ ಹಾಸಿನಲ್ಲಿ ಬರುತ್ತವೆ. ಅದೇ ಸರದಿ ಹೊಕ್ಕಿನಲ್ಲೂ ಬರುತ್ತದೆ. ಒಂದು ಸುತ್ತು ಮುಗಿದು ಮತ್ತೆ ಮೊದಲಿನಿಂದ ಶುರುವಾಗುವವರೆಗಿನ ಭಾಗಕ್ಕೆ ಅಲ್ಲಿಯವರು ‘ಸೆಟ್’ ಎನ್ನುತ್ತಾರೆ. ಹೆಚ್ಚಿನ ಟಾರ್ಟನ್‌ಗಳ ಸೆಟ್ ಕನ್ನಡಿಯ ಹಾಗೆ ತಿರುಗುತ್ತದೆ: ಒಂದು ತುದಿಯ ಬಣ್ಣದಿಂದ ಇನ್ನೊಂದು ತುದಿಗೆ ಹೋಗಿ, ಅದೇ ದಾರಿಯಲ್ಲಿ ಹಿಂದಕ್ಕೆ ಬರುತ್ತದೆ. ತಿರುಗುವ ಆ ಎರಡು ಪಟ್ಟೆಗಳನ್ನು ಒಂದೊಂದು ಸಲ, ನಡುವಿನವನ್ನು ಎರಡೆರಡು ಸಲ ಎಣಿಸಬೇಕು.

ಕಾಲ್ಪನಿಕವಾದ ಒಂದು ಲೆಕ್ಕ ನೋಡೋಣ. ಕಿತ್ತಳೆ 48 ಎಳೆ, ನೀಲಿ 24, ಬಿಳಿ 4, ನೀಲಿ 24, ಕಪ್ಪು 8. ತಿರುವುಗಳು ಕಿತ್ತಳೆ ಮತ್ತು ಕಪ್ಪು. ಒಟ್ಟು ಸೆಟ್ = 48 + 8 + ಎರಡು ಸಲ (24 + 4 + 24) = 160 ಎಳೆ. ವಿನ್ಯಾಸಕಾರರು ಇಲ್ಲಿ ಮಾಡುವ ಮೊದಲ ತಪ್ಪು ಏನೆಂದರೆ, ಬರೆದಿರುವ ಸಂಖ್ಯೆಗಳನ್ನು ಸುಮ್ಮನೆ ಕೂಡಿ 108 ಎಳೆ ಎಂದುಕೊಂಡು, ಅದನ್ನೇ ಒಂದರ ಪಕ್ಕ ಒಂದು ಜೋಡಿಸುತ್ತಾ ಹೋಗುವುದು. ಕಪ್ಪು ಪಟ್ಟೆಯ ಪಕ್ಕಕ್ಕೆ ನೀಲಿ ಬರಬೇಕಾದ ಕಡೆ ಕಿತ್ತಳೆ ಬಂದು ಕೂರುತ್ತದೆ. ನೋಡಲು ಚೌಕಳಿಯೇ, ಆದರೆ ಆ ಟಾರ್ಟನ್ ಅಲ್ಲ.

ಎರಡನೆಯ ವಿಷಯ ಬಣ್ಣದ್ದು, ಮತ್ತು ಮುದ್ರಣದ ಕಷ್ಟಗಳ ಬೇರು ಇಲ್ಲೇ ಇದೆ. ಟಾರ್ಟನ್ ನೇಯುವುದು ಸಾಮಾನ್ಯವಾಗಿ ಟ್ವಿಲ್ ಪದ್ಧತಿಯಲ್ಲಿ. ಎರಡು ಎಳೆ ಮೇಲೆ, ಎರಡು ಎಳೆ ಕೆಳಗೆ. ಹಾಸಿನಲ್ಲೂ ಹೊಕ್ಕಿನಲ್ಲೂ ಕೆಂಪೇ ಇದ್ದ ಜಾಗದಲ್ಲಿ ಅಪ್ಪಟ ಕೆಂಪು ಕಾಣುತ್ತದೆ. ಕೆಂಪು ಹಾಸನ್ನು ಹಸಿರು ಹೊಕ್ಕು ಹಾಯ್ದಲ್ಲಿ ಅರ್ಧ ಕೆಂಪು, ಅರ್ಧ ಹಸಿರು ಸಣ್ಣ ಓರೆಗೆರೆಗಳಾಗಿ ಹೆಣೆದುಕೊಂಡು, ದೂರದಿಂದ ಕಂದು ಬಣ್ಣವಾಗಿ ತೋರುತ್ತದೆ. ಒಂದೇ ಸರದಿ ಎರಡೂ ದಿಕ್ಕಿನಲ್ಲಿ ಇರುವುದರಿಂದ ಪ್ರತಿ ಬಣ್ಣವೂ ಉಳಿದ ಪ್ರತಿ ಬಣ್ಣವನ್ನೂ ಎಲ್ಲೋ ಒಂದು ಕಡೆ ಸಂಧಿಸಲೇಬೇಕು. ಹೀಗಾಗಿ ಎರಡು ಬಣ್ಣದ ನೂಲಿನಿಂದ ಮೂರು ಛಾಯೆ, ಮೂರು ಬಣ್ಣದಿಂದ ಆರು, ಆರು ಬಣ್ಣದಿಂದ 21. ಕೆಂಪು-ಕಪ್ಪಿನ ರಾಬ್ ರಾಯ್ ಮ್ಯಾಕ್‌ಗ್ರೆಗರ್ ಮುದ್ರಿಸಲು ಹಗುರ. ಕೆಂಪು, ನೀಲಿ, ಕಪ್ಪು, ಹಸಿರು, ಹಳದಿ, ಬಿಳಿ ಸೇರಿದ ರಾಯಲ್ ಸ್ಟೂವರ್ಟ್ ಬೆವರಿಳಿಸುತ್ತದೆ.

ಬಣ್ಣದ ಛಾಯೆಯಲ್ಲಿ ಮಾತ್ರ ಸ್ವಲ್ಪ ಸ್ವಾತಂತ್ರ್ಯ ಇದೆ. ಎಳೆ ಲೆಕ್ಕ ‘ಕೆಂಪು’ ಎನ್ನುತ್ತದೆಯೇ ಹೊರತು ಯಾವ ಕೆಂಪು ಎನ್ನುವುದಿಲ್ಲ. ಗಿರಣಿಗಳು ಅದೇ ಟಾರ್ಟನ್ನನ್ನು ‘ಮಾಡರ್ನ್’ ಎಂಬ ಗಾಢ ಬಣ್ಣಗಳಲ್ಲೂ, ‘ಏನ್ಶಿಯಂಟ್’ ಎಂಬ ತಿಳಿ ಬಣ್ಣಗಳಲ್ಲೂ, ‘ವೆದರ್ಡ್’ ಎಂಬ ಮಾಸಿದ ಬಣ್ಣಗಳಲ್ಲೂ ನೇಯುತ್ತವೆ. ಇವೆಲ್ಲ ಒಂದೇ ಟಾರ್ಟನ್. ಆದರೆ ಕೆಂಪಿದ್ದ ಜಾಗಕ್ಕೆ ಕಂಪನಿಯ ಕಿತ್ತಳೆ ತಂದರೆ ಅದು ಬೇರೆಯ ಟಾರ್ಟನ್. ಅದನ್ನು ಕುಲದ ಹೆಸರಿನಲ್ಲಿ ಮಾರಬಾರದು.

ಯಾರ ಸೊತ್ತು, ಯಾರ ಒಪ್ಪಿಗೆ

ಹಳೆಯ ಕುಲದ ಟಾರ್ಟನ್‌ಗಳ ಮೇಲೆ ಇವತ್ತು ಯಾರಿಗೂ ಕಾನೂನಿನ ಒಡೆತನ ಇಲ್ಲ. ಆ ಕುಲದವರಲ್ಲದವರು ತೊಡಬಾರದು ಎಂಬ ಕಾಯಿದೆಯೂ ಇಲ್ಲ. ರಾಜಮನೆತನದ ಬಾಲ್ಮೋರಲ್ ಟಾರ್ಟನ್‌ಗೆ ಮಾತ್ರ ರೂಢಿಯ ಬೇಲಿ ಇದೆ. ಅದನ್ನು ದೊರೆಯ ಅನುಮತಿ ಇಲ್ಲದೆ ಬಳಸುವಂತಿಲ್ಲ. ಪಾನೀಯದ ಬಾಟಲಿಯಿಂದ ಅದು ದೂರವೇ ಇರಲಿ.

ಕುಲಕ್ಕೊಂದು ಟಾರ್ಟನ್ ಎಂಬ ಕಟ್ಟುಪಾಡು ಜನ ಅಂದುಕೊಂಡಷ್ಟು ಪ್ರಾಚೀನವೂ ಅಲ್ಲ. 1746ರ ಏಪ್ರಿಲ್ 16ರಂದು ಕಲೋಡನ್ ಯುದ್ಧದಲ್ಲಿ, ಪದಚ್ಯುತ ಸ್ಟೂವರ್ಟ್ ರಾಜಮನೆತನದ ಪರ ದಂಗೆಯೆದ್ದ ಜಾಕೋಬೈಟರು ಸೋತ ಮೇಲೆ, ಸ್ಕಾಟ್ಲೆಂಡಿನ ಬೆಟ್ಟನಾಡಾದ ಹೈಲ್ಯಾಂಡ್‌ನ ಉಡುಪನ್ನು ಸರ್ಕಾರ ನಿಷೇಧಿಸಿತು. ನಿಷೇಧ ತೆರವಾದದ್ದು 1782ರಲ್ಲಿ. 1815ರಲ್ಲಿ ಲಂಡನ್ನಿನ ಹೈಲ್ಯಾಂಡ್ ಸೊಸೈಟಿ ಕುಲದ ಮುಖ್ಯಸ್ಥರಿಂದ ಅವರವರ ಟಾರ್ಟನ್ ಮಾದರಿ ಕೇಳಿ ಪತ್ರ ಬರೆದಾಗ, ತಮ್ಮದು ಯಾವುದೆಂದು ಎಷ್ಟೋ ಜನರಿಗೆ ತಿಳಿದಿರಲಿಲ್ಲ. 1822ರಲ್ಲಿ ದೊರೆ ನಾಲ್ಕನೇ ಜಾರ್ಜ್ ಎಡಿನ್‌ಬರಾಕ್ಕೆ ಬಂದಾಗ ಕಾದಂಬರಿಕಾರ ಸರ್ ವಾಲ್ಟರ್ ಸ್ಕಾಟ್ ಏರ್ಪಡಿಸಿದ ಸಂಭ್ರಮಕ್ಕೆ ಎಲ್ಲರಿಗೂ ಟಾರ್ಟನ್ ಬೇಕಾಯಿತು. ಬ್ಯಾನಕ್‌ಬರ್ನ್‌ನ ವಿಲ್ಸನ್ಸ್ ಎಂಬ ನೇಯ್ಗೆ ಸಂಸ್ಥೆ ಸಂಖ್ಯೆ ಹಾಕಿ ಮಾರುತ್ತಿದ್ದ ಎಷ್ಟೋ ಮಾದರಿಗಳು ಮುಂದೆ ಕುಲದ ಹೆಸರು ಪಡೆದವು. 1842ರಲ್ಲಿ ಇಬ್ಬರು ಸಹೋದರರು ಪುರಾತನ ಹಸ್ತಪ್ರತಿ ಎಂದು ಹೇಳಿ ಪ್ರಕಟಿಸಿದ ಟಾರ್ಟನ್ ಸಂಗ್ರಹ ಕೃತಕವೆಂದು ಆಮೇಲೆ ಗೊತ್ತಾಯಿತು. ಅದರಿಂದ ಬಂದ ಕೆಲವು ಟಾರ್ಟನ್‌ಗಳನ್ನು ಕುಲಗಳು ಇಂದಿಗೂ ಪ್ರೀತಿಯಿಂದ ತೊಡುತ್ತವೆ. ಆದ್ದರಿಂದ ವ್ಯಾಪಾರ ಬಂದು ಪರಂಪರೆಯನ್ನು ಕೆಡಿಸಿತು ಎಂಬ ದೂರಿಗೆ ಬುಡ ಗಟ್ಟಿಯಿಲ್ಲ. ಈ ಪರಂಪರೆ ರೂಪುಗೊಂಡಿದ್ದರಲ್ಲಿ ವ್ಯಾಪಾರದ ಕೈಯೂ ಇದೆ. ಹಾಗೆಂದು ಅದು ಸುಳ್ಳು ಎನ್ನುವುದೂ ತಪ್ಪು. ಇನ್ನೂರು ವರ್ಷ ಮದುವೆಗೆ ಉಟ್ಟ, ಶವಪೆಟ್ಟಿಗೆಗೆ ಹೊದಿಸಿದ ಬಟ್ಟೆ ಆ ಮನೆಯವರದ್ದೇ ಆಗಿಬಿಡುತ್ತದೆ.

ಈಗಿನ ವ್ಯವಸ್ಥೆ 2008ರ ಸ್ಕಾಟಿಷ್ ಟಾರ್ಟನ್ ನೋಂದಣಿ ಕಾಯಿದೆಯ ಮೇಲೆ ನಿಂತಿದೆ. ನೋಂದಣಿ ಪುಸ್ತಕ 2009ರ ಫೆಬ್ರವರಿ 5ರಂದು ತೆರೆಯಿತು. ಅದನ್ನು ನೋಡಿಕೊಳ್ಳುವುದು ಸ್ಕಾಟ್ಲೆಂಡಿನ ರಾಷ್ಟ್ರೀಯ ದಾಖಲೆ ಇಲಾಖೆ. ಟಾರ್ಟನ್ ಎಂದರೆ ನೇಯಲು ಸಾಧ್ಯವಾಗುವ, ಎರಡೋ ಹೆಚ್ಚೋ ಬಣ್ಣದ ಪಟ್ಟೆಗಳು ಉದ್ದಕ್ಕೂ ಅಡ್ಡಕ್ಕೂ ಸೇರಿ ಮರುಕಳಿಸುವ ಚೌಕಳಿ ವಿನ್ಯಾಸ ಎಂದು ಕಾಯಿದೆ ಹೇಳುತ್ತದೆ. ‘ನೇಯಲು ಸಾಧ್ಯವಾಗುವ’ ಎಂಬ ಮಾತನ್ನು ಗಮನಿಸಬೇಕು. ನೇಯ್ದಿರಲೇಬೇಕು ಎಂದಿಲ್ಲ, ಹಾಗಾಗಿ ಪ್ಲಾಸ್ಟಿಕ್ ಹಾಳೆಯ ಮೇಲೆ ಅಚ್ಚಾದದ್ದೂ ಟಾರ್ಟನ್ನೇ. ಆದರೆ ಮಗ್ಗಕ್ಕೆ ಏರಿಸಲಾಗದಂತೆ ಎಳೆದು ತಿರುಚಿದ ಚಿತ್ರ ಆ ಹೆಸರಿಗೆ ಅರ್ಹವಲ್ಲ.

ಹೊಸ ಟಾರ್ಟನ್ ನೋಂದಾಯಿಸಲು ಶುಲ್ಕ 70 ಪೌಂಡ್. ಹೆಸರು, ಎಳೆ ಲೆಕ್ಕ, ಬಣ್ಣದ ಚಿತ್ರ, ವಿನ್ಯಾಸದ ಹಿನ್ನೆಲೆ, ಮತ್ತು ಆ ಹೆಸರಿಗೂ ಅರ್ಜಿದಾರರಿಗೂ ಇರುವ ನಂಟಿನ ದಾಖಲೆ ಕೊಡಬೇಕು. ಈಗಾಗಲೇ ಇರುವುದಕ್ಕೆ ತೀರಾ ಹತ್ತಿರವಾಗಿದ್ದರೆ ಆಗುವುದಿಲ್ಲ. ಕುಲದ ಹೆಸರಿನಲ್ಲಿ ಹೊಸ ಟಾರ್ಟನ್ ತರಬೇಕಾದರೆ ಕುಲದ ಮುಖ್ಯಸ್ಥರ ಒಪ್ಪಿಗೆ ಬೇಕು. ಕಂಪನಿಗಳು ತಮ್ಮ ಹೆಸರಿನಲ್ಲಿ ‘ಕಾರ್ಪೊರೇಟ್’ ವಿಭಾಗದಲ್ಲಿ ನೋಂದಾಯಿಸಬಹುದು. ಇರ್ನ್-ಬ್ರೂಗೂ ತನ್ನದೇ ಹೆಸರಿನ ಟಾರ್ಟನ್ ಆ ದಾಖಲೆಯಲ್ಲಿದೆ.

ಬಹಳ ಜನ ಎಡವುವುದು ಇಲ್ಲಿ: ನೋಂದಣಿಯಿಂದ ಒಡೆತನ ಬರುವುದಿಲ್ಲ. ಅದೊಂದು ದಾಖಲೆ ಅಷ್ಟೇ. ಬೇರೆಯವರು ನಕಲು ಮಾಡಿದರೆ ತಡೆಯಲು ಕೃತಿಸ್ವಾಮ್ಯ, ನೋಂದಾಯಿತ ವಿನ್ಯಾಸದ ಹಕ್ಕು ಅಥವಾ ಟ್ರೇಡ್‌ಮಾರ್ಕ್ ದಾರಿ ಹಿಡಿಯಬೇಕು. ವಿನ್ಯಾಸದ ಹಕ್ಕು ಬ್ರಿಟನ್ನಿನಲ್ಲಿ ಐದೈದು ವರ್ಷದಂತೆ ನವೀಕರಿಸುತ್ತಾ ಹೆಚ್ಚೆಂದರೆ 25 ವರ್ಷ. ಟ್ರೇಡ್‌ಮಾರ್ಕ್ ಸಿಗಬೇಕಾದರೆ ಚೌಕಳಿ ನೋಡಿದ ಕೂಡಲೇ ಗಿರಾಕಿಗೆ ಆ ಕಂಪನಿಯೇ ನೆನಪಾಗಬೇಕು. ಬರ್ಬೆರಿ ಉಡುಪು ಕಂಪನಿಯ ಕಂದು ಚೌಕಳಿಗೆ ಅದು ದಕ್ಕಿದ್ದು ದಶಕಗಳ ಬಳಕೆಯಿಂದ. ಕೃತಿಸ್ವಾಮ್ಯದ ವಿಷಯದಲ್ಲಿ 2012ರ ಅಬ್ರಹಾಂ ಮೂನ್ ಮೊಕದ್ದಮೆ ಓದಬೇಕಾದದ್ದು. ಯಾರ್ಕ್‌ಷೈರಿನ ಉಣ್ಣೆ ಗಿರಣಿಯೊಂದರ ಚೌಕಳಿ ಬಟ್ಟೆಯ ನಕಲಿನ ಪ್ರಕರಣ ಅದು. ಯಾವ ಬಣ್ಣದ ಎಳೆ ಎಷ್ಟು, ಯಾವ ಸರದಿಯಲ್ಲಿ ಎಂದು ಬರೆದಿಟ್ಟ ಗಿರಣಿಯ ನೇಯ್ಗೆ ಚೀಟಿಯೇ ಕಲಾಕೃತಿ, ಆ ಚೀಟಿಯಲ್ಲಿ ಬಟ್ಟೆಯ ರೂಪವೇ ಅಡಗಿದೆ ಎಂದು ನ್ಯಾಯಾಲಯ ಒಪ್ಪಿತು. ಸ್ವಂತ ಟಾರ್ಟನ್ ಮಾಡಿಸುವ ಪಾನೀಯ ಕಂಪನಿ ಇದರಿಂದ ಕಲಿಯಬೇಕಾದದ್ದು ಎರಡು: ಎಳೆ ಲೆಕ್ಕದ ಮೂಲ ಹಾಳೆಯನ್ನು ದಿನಾಂಕ ಸಹಿತ ಜೋಪಾನ ಮಾಡಬೇಕು, ವಿನ್ಯಾಸಕಾರ ಹೊರಗಿನವನಾಗಿದ್ದರೆ ಹಕ್ಕನ್ನು ಲಿಖಿತವಾಗಿ ಬರೆಸಿಕೊಳ್ಳಬೇಕು. ದುಡ್ಡು ಕೊಟ್ಟ ಮಾತ್ರಕ್ಕೆ ಹಕ್ಕು ಬರುವುದಿಲ್ಲ.

ಪಕ್ಕದ ಹ್ಯಾರಿಸ್ ಟ್ವೀಡ್ ಉಣ್ಣೆಗೆ 1993ರಲ್ಲಿ ಸಂಸತ್ತೇ ಪ್ರತ್ಯೇಕ ಕಾಯಿದೆ ಮಾಡಿದೆ. ಸ್ಕಾಟ್ಲೆಂಡಿನ ಹೊರ ಹೆಬ್ರಿಡೀಸ್ ದ್ವೀಪಗಳವರು ತಮ್ಮ ಮನೆಯಲ್ಲಿ ನೇಯದೆ ಆ ಹೆಸರು ಹಾಕುವಂತಿಲ್ಲ. ನಮ್ಮ ಇಳಕಲ್ ಸೀರೆಗೂ ಭೌಗೋಳಿಕ ಸೂಚಕದ ರಕ್ಷೆ ಇದೆ. ಟಾರ್ಟನ್‌ಗೆ ಅಂಥದ್ದೇನೂ ಇಲ್ಲ, ಅದು ಜಗತ್ತಿನ ಯಾವ ಮೂಲೆಯಲ್ಲೂ ತಯಾರಾಗಬಹುದು.

ಕಾನೂನು ನಿಜಕ್ಕೂ ಕಚ್ಚುವುದು ಬಟ್ಟೆಯ ವಿಷಯದಲ್ಲಲ್ಲ, ಲಾಂಛನದ ವಿಷಯದಲ್ಲಿ. ಟಾರ್ಟನ್ ಹಾಕಿದ ವಿನ್ಯಾಸಕಾರ ಶೋಭೆಗೆಂದು ಅದರ ಮೇಲೆ ಕುಲದ ಬೆಲ್ಟು-ಬಕ್ಕಲಿನ ಮುದ್ರೆಯನ್ನೂ ಇಡುತ್ತಾನೆ. ಆ ಮುದ್ರೆಯ ಒಳಗಿನ ಶಿಖಾಚಿಹ್ನೆ ಕುಲದ ಮುಖ್ಯಸ್ಥರ ಖಾಸಗಿ ಸೊತ್ತು. ಸ್ಕಾಟ್ಲೆಂಡಿನಲ್ಲಿ ಲಾಂಛನಗಳಿಗೆಂದೇ ಲಾರ್ಡ್ ಲಯನ್ ನ್ಯಾಯಾಲಯ ಇದೆ, ಅದಕ್ಕೆ ತನ್ನದೇ ಸರ್ಕಾರಿ ವಕೀಲರಿದ್ದಾರೆ, 1592 ಮತ್ತು 1672ರ ಕಾಯಿದೆಗಳು ಇಂದಿಗೂ ಜಾರಿಯಲ್ಲಿವೆ. ಏರ್ ಯುನೈಟೆಡ್‌ನಂಥ ಫುಟ್‌ಬಾಲ್ ಕ್ಲಬ್ಬಿನ ಬ್ಯಾಡ್ಜನ್ನೂ ಈ ಕಾಯಿದೆ ಬಿಡಲಿಲ್ಲ. ಟಾರ್ಟನ್ ಹಾಕಿ, ಹೆಸರು ಹಾಕಿ, ಮುದ್ರೆಯನ್ನು ಬಿಟ್ಟುಬಿಡಿ. ಬೇಕೇ ಬೇಕೆಂದರೆ ಮುಖ್ಯಸ್ಥರ ಲಿಖಿತ ಅನುಮತಿ ಕೈಯಲ್ಲಿರಲಿ.

ಹೆಸರಿನ ಆಯ್ಕೆಯೂ ಹುಷಾರಾಗಿ ನಡೆಯಬೇಕು. ಒಂದು ಕುಲಕ್ಕೆ ಒಂದೇ ಟಾರ್ಟನ್ ಇರುವುದಿಲ್ಲ. ಮ್ಯಾಕ್‌ಲೌಡ್ ಎಂದರೆ ಲೂಯಿಸ್ ದ್ವೀಪದವರ ಕಣ್ಣು ಕುಕ್ಕುವ ಹಳದಿ-ಕಪ್ಪೋ, ಹ್ಯಾರಿಸ್‌ನವರ ನೀಲಿ-ಹಸಿರೋ ಎಂದು ಕೇಳಬೇಕು. ಕ್ಯಾಂಪ್‌ಬೆಲ್‌ಗಳ ಮುಖ್ಯಸ್ಥ ಆರ್ಗೈಲ್ ಡ್ಯೂಕ್. ಅವರು ಮಾನ್ಯ ಮಾಡುವುದು ನಾಲ್ಕು ಟಾರ್ಟನ್ ಮಾತ್ರ, ಆದರೆ ಅಂಗಡಿಗಳಲ್ಲಿ ಆ ಹೆಸರಿನಲ್ಲಿ ಬೇರೆಯವೂ ಸಿಗುತ್ತವೆ. ಹಾಗಾಗಿ ಪಟ್ಟಿ ತಯಾರಿಸುವಾಗ ಪ್ರತಿ ಹೆಸರಿನ ಮುಂದೆ ನೋಂದಣಿಯ ಸಂಖ್ಯೆ ಬರೆದುಕೊಂಡು, ಯಾವುದನ್ನು ಬಳಸಲಿದ್ದೇವೆ ಎಂದು ಕುಲದ ಸಂಘಕ್ಕೆ ಪತ್ರ ಬರೆಯುವುದು ಒಳ್ಳೆಯದು. ಕಾನೂನು ಅದನ್ನು ಕೇಳುವುದಿಲ್ಲ. ಆದರೆ ತಪ್ಪಿದ್ದರೆ ಅಚ್ಚಿಗೆ ಹೋಗುವ ಮೊದಲೇ ಅವರು ಹೇಳುತ್ತಾರೆ. ಸ್ಕಾಟ್ಲೆಂಡಿನ ತಗ್ಗುನಾಡಾದ ಲೋಲ್ಯಾಂಡ್ ಕಡೆಯ ಎಷ್ಟೋ ಮನೆತನಗಳಿಗೆ ಕುಲವೇ ಇಲ್ಲ ಎಂಬುದನ್ನೂ ಮರೆಯಬಾರದು. ಅವರಿಗಾಗಿ ಊರು-ಜಿಲ್ಲೆಗಳ ಟಾರ್ಟನ್ ಇವೆ, ಎಲ್ಲರೂ ತೊಡಬಹುದಾದ ಬ್ಲ್ಯಾಕ್ ವಾಚ್ ಇದೆ. ಅವನ್ನು ಸೇರಿಸದಿದ್ದರೆ ಅಂಗಡಿಯ ಮುಂದೆ ನಿಂತ ಎಷ್ಟೋ ಗಿರಾಕಿಗಳಿಗೆ ತಮ್ಮದೆನ್ನುವ ಬಾಟಲಿಯೇ ಇರುವುದಿಲ್ಲ.

ಗಿರಣಿಯ ಬಟ್ಟೆಯ ಫೋಟೋವನ್ನೋ ನೋಂದಣಿಯ ಚಿತ್ರವನ್ನೋ ಎತ್ತಿ ಲೇಬಲ್‌ಗೆ ಅಂಟಿಸುವುದು ಬೇಡ. ಟಾರ್ಟನ್ ಸಾರ್ವಜನಿಕವಾದರೂ ಆ ಚಿತ್ರದ ಹಕ್ಕು ಬೇರೆಯವರದ್ದು. ಎಳೆ ಲೆಕ್ಕ ತೆಗೆದುಕೊಂಡು ಹೊಸದಾಗಿ ಬರೆಯಬೇಕು. ಅದರಿಂದ ಮುದ್ರಣಕ್ಕೂ ಅನುಕೂಲ.

204 ಮಿಲಿಮೀಟರಿನ ಒಳಗೆ

ಅರ್ಧ ಲೀಟರ್ ಬಾಟಲಿಯ ಅಡ್ಡಳತೆ ಸುಮಾರು 65 ಮಿ.ಮೀ., ಸುತ್ತಳತೆ 204 ಮಿ.ಮೀ. ಎದುರಿಗೆ ನಿಂತವರ ಕಣ್ಣಿಗೆ ಬೀಳುವುದು ಅದರ ಮೂರನೇ ಒಂದು ಭಾಗ ಮಾತ್ರ. ಸೆಟ್ ಅದಕ್ಕಿಂತ ದೊಡ್ಡದಾದರೆ ಟಾರ್ಟನ್ ಪೂರ್ತಿ ಕಾಣುವುದೇ ಇಲ್ಲ, ಬರೀ ಪಟ್ಟೆಗಳು ಕಾಣುತ್ತವೆ. ಹಾಗಾಗಿ ಸುತ್ತಳತೆಗೆ ನಾಲ್ಕು ಸೆಟ್, ಅಂದರೆ ಒಂದಕ್ಕೆ 51 ಮಿ.ಮೀ. ಸರಿಯಾದ ಅಳತೆ. ಸೆಟ್‌ಗೆ 160 ಎಳೆ ಇದ್ದರೆ ಎಳೆಗೆ 0.32 ಮಿ.ಮೀ.; ನಾಲ್ಕೆಳೆಯ ಗೆರೆ 1.3 ಮಿ.ಮೀ. ಬರುತ್ತದೆ, ಚಿಂತೆಯಿಲ್ಲ. 300 ಎಳೆಯ ಸೆಟ್ ಆದರೆ ಎಳೆಗೆ 0.17 ಮಿ.ಮೀ.; ಎರಡೆಳೆಯ ಗೆರೆ 0.34 ಮಿ.ಮೀ.ಗೆ ಇಳಿಯುತ್ತದೆ. ಕಡು ಬಣ್ಣದ ನಡುವೆ 0.3 ಮಿ.ಮೀ.ಗಿಂತ ತೆಳುವಾದ ತಿಳಿ ಗೆರೆಯನ್ನು ಅತಿವೇಗದ ಯಂತ್ರದಲ್ಲಿ ನಂಬುವಂತಿಲ್ಲ.

ಆಗ ಏನು ಮಾಡಬೇಕು? ನೇಕಾರರೇ ದಾರಿ ತೋರಿಸಿದ್ದಾರೆ. ದೊಡ್ಡ ಸೆಟ್ಟನ್ನು ಟೈ ಅಥವಾ ರಿಬ್ಬನ್‌ಗೆ ಕುಗ್ಗಿಸುವಾಗ ಅವರು ಅಗಲ ಪಟ್ಟೆಗಳ ಎಳೆ ಕಡಿಮೆ ಮಾಡುತ್ತಾರೆ, ಗುರುತಿನ ಗೆರೆಯನ್ನು ಉಳಿಸಿಕೊಳ್ಳುತ್ತಾರೆ. ಲೇಬಲ್‌ನಲ್ಲೂ ಹಾಗೆಯೇ: ಗೆರೆ ತುಸು ದಪ್ಪವಾದರೆ ನಡೆಯುತ್ತದೆ, ಮಾಯವಾದರೆ ನಡೆಯುವುದಿಲ್ಲ. ಗೋರ್ಡನ್‌ನ ಹಳದಿಗೆ ಇನ್ನೂ ಒಂದು ಎಚ್ಚರಿಕೆ ಬೇಕು. ಹಳದಿ ಶಾಯಿ ಪಾರದರ್ಶಕ. ಹಸಿರಿನ ಮೇಲೆ ಹೊಡೆದರೆ ಕಾಣುವುದೇ ಇಲ್ಲ. ಹಸಿರಿನಲ್ಲಿ ಅದರ ಜಾಗವನ್ನು ಖಾಲಿ ಬಿಟ್ಟು, ಹಳದಿಯನ್ನು ಎರಡೂ ಅಂಚಿಗೆ 0.1ರಿಂದ 0.15 ಮಿ.ಮೀ. ಹೆಚ್ಚು ಹರಡಿ ಹಸಿರಿನ ಅಡಿಗೆ ಸೇರಿಸಬೇಕು. ಗೆರೆಯ ಅಗಲವನ್ನು ಆಗ ನಿರ್ಧರಿಸುವುದು ಹಸಿರಿನ ಅಂಚು. ಹಳದಿ ಸ್ವಲ್ಪ ಜಾರಿದರೂ ಬಿಳಿ ಸಂದಿ ಬೀಳುವುದಿಲ್ಲ. ಪಾರದರ್ಶಕ ಹಾಳೆಯಾದರೆ ಹಿಂದೆ ಬಿಳಿ ಪದರ ಕಡ್ಡಾಯ. ಇಲ್ಲದಿದ್ದರೆ ಒಳಗಿನ ಕಿತ್ತಳೆ ಪಾನೀಯ ಹಿಂದಿನಿಂದ ಹೊಳೆದು, ಬಿಳಿ ಗೆರೆಯೂ ಕಿತ್ತಳೆ, ಹಳದಿ ಗೆರೆಯೂ ಕಿತ್ತಳೆ.

ಮಿಶ್ರ ಛಾಯೆಗಳಲ್ಲಿ ಆಗುವ ತಪ್ಪು ಇನ್ನೊಂದು ಬಗೆಯದು. ಬಟ್ಟೆಯಲ್ಲಿ ಕೆಂಪು-ಹಸಿರು ಎಳೆಗಳು ಪಕ್ಕಪಕ್ಕ ಇರುತ್ತವೆ, ಕಣ್ಣು ಎರಡರ ಸರಾಸರಿ ತೆಗೆದುಕೊಳ್ಳುತ್ತದೆ. ಕಾಗದದಲ್ಲಿ ಕೆಂಪಿನ ಮೇಲೆ ಹಸಿರು ಹೊಡೆದರೆ ಒಂದು ಶಾಯಿ ಇನ್ನೊಂದರ ಬೆಳಕನ್ನು ತಿಂದು ಹೆಚ್ಚುಕಡಿಮೆ ಕಪ್ಪಾಗುತ್ತದೆ. ಕಂಪ್ಯೂಟರಿನಲ್ಲಿ ಪಟ್ಟೆಗಳನ್ನು ‘ಮಲ್ಟಿಪ್ಲೈ’ ಮಾಡಿ ಒಂದರ ಮೇಲೊಂದು ಇಡುವವರೆಲ್ಲರ ಟಾರ್ಟನ್ ಹೀಗೆ ಮಸಿ ಹಿಡಿದಂತೆ ಬರುತ್ತದೆ. ಎರಡು ಬಣ್ಣದ ಸರಾಸರಿಯನ್ನು ಲೆಕ್ಕ ಹಾಕಿ, ಪ್ರತಿ ಛಾಯೆಗೂ ಪ್ರತ್ಯೇಕ ಬಣ್ಣ ಕೊಟ್ಟು ತುಂಬುವುದೇ ಸರಿ.

ಟ್ವಿಲ್‌ನ ಓರೆಗೆರೆಯನ್ನೂ ತೋರಿಸೋಣ ಎಂಬ ಆಸೆ ಸಹಜ. ಅದು ಯಂತ್ರದ ಮೇಲೆ ಅವಲಂಬಿತ. ಚುಕ್ಕಿಗಳಿಂದ ಛಾಯೆ ಮೂಡಿಸುವ ಮುದ್ರಣದಲ್ಲಿ ಒಂದಲ್ಲ ಒಂದು ಶಾಯಿಯ ಚುಕ್ಕಿಸಾಲು ಸಾಮಾನ್ಯವಾಗಿ 45 ಡಿಗ್ರಿಯಲ್ಲಿ ಓಡುತ್ತದೆ, ಓರೆಗೆರೆಯೂ 45 ಡಿಗ್ರಿ. ಎರಡೂ ಡಿಕ್ಕಿಯಾಗಿ ನೀರಲೆಯಂಥ ಮೋಯರೆ ಎದ್ದುಬಿಡುತ್ತದೆ. ಅಲ್ಲಿ ಚಪ್ಪಟೆ ಬಣ್ಣವೇ ಲೇಸು. ಅಲ್ಯುಮಿನಿಯಂ ಕ್ಯಾನ್‌ನಲ್ಲಿ ಕಥೆ ತಿರುಗುಮುರುಗು. ಅಲ್ಲಿ ಸಾಮಾನ್ಯವಾಗಿ ಆರರಿಂದ ಎಂಟು ಶಾಯಿಗಳು ಒಂದೇ ರಬ್ಬರ್ ಹೊದಿಕೆಯ ಮೇಲೆ ಕೂಡಿ, ಹಸಿಯಾಗಿಯೇ ಒಂದು ಸುತ್ತಿನಲ್ಲಿ ಕ್ಯಾನ್‌ಗೆ ಇಳಿಯುತ್ತವೆ. ನಿಮಿಷಕ್ಕೆ ಸಾವಿರಕ್ಕೂ ಹೆಚ್ಚು ಕ್ಯಾನ್. ಶಾಯಿಯ ಮೇಲೆ ಶಾಯಿ ಬಿದ್ದರೆ ಕಲಸಿ ರಾಡಿಯಾಗುತ್ತದೆ. ಆರು ಶಾಯಿಯಲ್ಲಿ 21 ಛಾಯೆ ತರಲು ಮಗ್ಗದ ಉಪಾಯವನ್ನೇ ಹಿಡಿಯಬೇಕು: ಒಂದು ಕೆಂಪು ಓರೆಗೆರೆ, ಅದರ ಪಕ್ಕ ಒಂದು ಹಸಿರು ಓರೆಗೆರೆ, ಎರಡೂ ಮುಟ್ಟಿದರೂ ಹತ್ತದಂತೆ. ಬಿಳಿಗೂ ಒಂದು ಶಾಯಿ ಮೀಸಲಿಡಬೇಕು, ಇಲ್ಲದಿದ್ದರೆ ಬಿಳಿ ಎಳೆ ಇರಬೇಕಾದ ಕಡೆ ಲೋಹ ಮಿಂಚುತ್ತದೆ.

ಬಾಟಲಿಯ ಕತ್ತಿನವರೆಗೂ ಹೊದಿಸುವ ಕುಗ್ಗುವ ತೋಳಿನಂಥ ಹಾಳೆಯಲ್ಲಿ ಟಾರ್ಟನ್ ಬೇಡವೇ ಬೇಡ. 65 ಮಿ.ಮೀ. ಅಗಲದಿಂದ 28 ಮಿ.ಮೀ. ಕತ್ತಿಗೆ ಇಳಿಯುವಾಗ 51 ಮಿ.ಮೀ.ನ ಸೆಟ್ 22 ಮಿ.ಮೀ.ಗೆ ಹಿಂಡಿಕೊಳ್ಳುತ್ತದೆ, ಎತ್ತರ ಮಾತ್ರ ಹಾಗೇ ಉಳಿಯುತ್ತದೆ. ಚೌಕಗಳೆಲ್ಲ ಉದ್ದನೆಯ ಪಟ್ಟಿಗಳಾಗುತ್ತವೆ. ನೇರವಾದ ಮೈಗೆ ಟಾರ್ಟನ್, ಭುಜ-ಕತ್ತಿಗೆ ಸಾದಾ ಬಣ್ಣ.

ಐವತ್ತು ಟಾರ್ಟನ್‌ಗೆ ಐವತ್ತು ಜೊತೆ ಅಚ್ಚಿನ ಸಿಲಿಂಡರ್ ಕೊರೆಸಿದರೆ ಯಾವ ಕಂಪನಿಗೂ ತಾಳುವುದಿಲ್ಲ. ಒಂದೇ ಜೊತೆಯಲ್ಲಿ ಹಲವನ್ನು ಕೂರಿಸಬೇಕು. ಅಂಟುವ ಅಂಚಿಗೆ 8 ಮಿ.ಮೀ. ಸೇರಿ ಲೇಬಲ್ ಉದ್ದ 212 ಮಿ.ಮೀ.; 636 ಮಿ.ಮೀ. ಸುತ್ತಳತೆಯ ಸಿಲಿಂಡರ್‌ನಲ್ಲಿ ಸುತ್ತಿಗೆ ಮೂರು ಲೇಬಲ್, ಅಗಲಕ್ಕೆ ಹನ್ನೆರಡು ಸಾಲು ಹಿಡಿದರೆ 36 ಟಾರ್ಟನ್ ಒಂದೇ ಓಟದಲ್ಲಿ ಅಚ್ಚಾಗುತ್ತವೆ. ಇದಕ್ಕೆ ಎಲ್ಲ ಟಾರ್ಟನ್‌ಗಳಿಗೂ ಒಂದೇ ಕೆಂಪು, ಒಂದೇ ನೀಲಿ, ಒಂದೇ ಹಸಿರು ಇರಬೇಕು, ಅಂದರೆ ಎಲ್ಲವೂ ‘ಮಾಡರ್ನ್’ ಛಾಯೆಯಲ್ಲೇ. ಇನ್ನೂ ಒಂದು ಸೂಕ್ಷ್ಮ ಇದೆ. ಸುತ್ತಿನಲ್ಲಿ ಬರುವ ಮೂರು ಟಾರ್ಟನ್ ಲೇಬಲ್ ಹಾಳೆಯ ಒಂದೇ ಉರುಳೆಯಲ್ಲಿ ಬೆರೆತು ಬರುತ್ತವೆ; ಅಗಲದ ಒಂದೊಂದು ಸಾಲು ಬೇರೆ ಬೇರೆ ಉರುಳೆಯಾಗುತ್ತದೆ. ಒಂದು ಸಾಲಿಗೆ ಒಂದೇ ಕುಲ ಕೊಟ್ಟರೆ ಇಡೀ ಲಾರಿ ಕ್ಯಾಂಪ್‌ಬೆಲ್ ಆಗಿ, ಕ್ಯಾಂಪ್‌ಬೆಲ್ ನಾಯಕತ್ವದ ಸೈನಿಕರು ಮ್ಯಾಕ್‌ಡೊನಾಲ್ಡರನ್ನು ಕೊಂದ 1692ರ ಹತ್ಯಾಕಾಂಡವನ್ನು ಇಂದಿಗೂ ಮರೆಯದ ಗ್ಲೆನ್‌ಕೋ ಕಣಿವೆಯ ಅಂಗಡಿಗೆ ಹೋಗಿ ಇಳಿಯಬಹುದು. ಬಾರ್‌ಕೋಡ್ ಎಲ್ಲಕ್ಕೂ ಒಂದೇ ಆಗಿರುವುದರಿಂದ ಅಂಗಡಿಯವರು ‘ನಮಗೆ ಮ್ಯಾಕ್‌ಡೊನಾಲ್ಡ್ ಕಳಿಸಿ’ ಎಂದು ಕೇಳುವಂತೆಯೂ ಇಲ್ಲ. ಜನ ಹೆಚ್ಚಾಗಿರುವ ಹೆಸರುಗಳನ್ನು ಹಲವು ಸಾಲುಗಳಲ್ಲಿ ಹಂಚಿ, ಪ್ರತಿ ಉರುಳೆಯಲ್ಲೂ ಮೂರು ಬೇರೆ ಕುಲ ಬರುವಂತೆ ಜೋಡಿಸುವುದು ಜಾಣತನ. ಸಣ್ಣ ಕುಲಗಳಿಗೆ ಡಿಜಿಟಲ್ ಮುದ್ರಣವೇ ಸೂಕ್ತ.

ಟಾರ್ಟನ್ ಮೇಲೆ ಅಕ್ಷರ ಓದಲಾಗುವುದಿಲ್ಲ ಎಂಬುದು ಹೇಳಬೇಕಾಗಿಲ್ಲ, ಆದರೂ ಜನ ಬರೆಯುತ್ತಾರೆ. ಪದಾರ್ಥಗಳ ಪಟ್ಟಿಯ ಸಣ್ಣಕ್ಷರದ ಎತ್ತರ ಕನಿಷ್ಠ 1.2 ಮಿ.ಮೀ. ಇರಬೇಕು ಎನ್ನುವ ನಿಯಮ ಓದಲು ಬರಬೇಕು ಎಂದೂ ಹೇಳುತ್ತದೆ. ಸಾದಾ ಬಣ್ಣದ ಫಲಕ ಬೇಕು. ಬಾರ್‌ಕೋಡಿನ ಎಡಕ್ಕೆ 3.63, ಬಲಕ್ಕೆ 2.31 ಮಿ.ಮೀ. ಖಾಲಿ ಬಿಳಿ ಬಿಡಬೇಕು. ಟಾರ್ಟನ್‌ನ ಉದ್ದ ಪಟ್ಟೆಯೊಂದು ಆ ಜಾಗಕ್ಕೆ ನುಗ್ಗಿದರೆ ಯಂತ್ರ ಅದನ್ನೂ ಕೋಡಿನ ಗೆರೆ ಎಂದುಕೊಂಡು ಓದದೆ ಬಿಡುತ್ತದೆ.

ಇನ್ನೊಂದು ನಿಯಮ ಸ್ಕಾಟ್ಲೆಂಡಿನ ಹೊರಗಿನ ತಯಾರಕರಿಗೆ ಸಂಬಂಧಿಸಿದ್ದು. ಲೇಬಲ್ಲಿನ ಒಟ್ಟು ರೂಪ ಒಂದು ನಾಡನ್ನು ಸೂಚಿಸುತ್ತಿದ್ದು, ಪಾನೀಯ ಇನ್ನೊಂದು ಕಡೆ ತಯಾರಾಗಿದ್ದರೆ ಮೂಲ ಎಲ್ಲಿಯದೆಂದು ಬರೆಯಲೇಬೇಕು ಎನ್ನುತ್ತದೆ ಬ್ರಿಟನ್ನಿನ ಆಹಾರ ಲೇಬಲ್ ಕಾನೂನು. ಟಾರ್ಟನ್‌ನಷ್ಟು ಗಟ್ಟಿಯಾಗಿ ಸ್ಕಾಟ್ಲೆಂಡ್ ಎಂದು ಕೂಗುವ ಚಿಹ್ನೆ ಬೇರೊಂದಿಲ್ಲ. 2025ರ ಏಪ್ರಿಲ್‌ನಿಂದ ಜಾರಿಯಾದ ಗ್ರಾಹಕ ನಿಯಮಗಳಲ್ಲಿ ದಾರಿ ತಪ್ಪಿಸುವ ಮಾರಾಟಕ್ಕೆ ಸ್ಪರ್ಧಾ ಪ್ರಾಧಿಕಾರವೇ ನೇರವಾಗಿ, ಜಾಗತಿಕ ವಹಿವಾಟಿನ ಶೇ 10ರವರೆಗೆ ದಂಡ ಹಾಕಬಹುದು.

ನಮ್ಮ ಅಭಿಪ್ರಾಯ ಕೇಳಿದರೆ, ವರ್ಷವಿಡೀ ಇರುವ ಲೇಬಲ್‌ಗೆ ಕಂಪನಿ ತನ್ನದೇ ಟಾರ್ಟನ್ ನೋಂದಾಯಿಸಿ ಬಳಸುವುದು ಮರ್ಯಾದೆ. ಕುಲದ ಟಾರ್ಟನ್‌ಗಳು ಕೆಲವು ವಾರಗಳ ವಿಶೇಷಕ್ಕೆ, ಸರಿಯಾದ ಹೆಸರಿನೊಂದಿಗೆ ಬಂದರೆ ಚೆಂದ. ಅವನ್ನು ಬರೀ ಹಿನ್ನೆಲೆಯ ಅಲಂಕಾರವಾಗಿ, ಹೆಸರಿಲ್ಲದೆ, ಅರ್ಧಕ್ಕೆ ಕತ್ತರಿಸಿ ಬಳಸುವುದು ಆ ಬಟ್ಟೆಗೂ ಅದನ್ನು ಉಟ್ಟವರಿಗೂ ಮಾಡುವ ಅನ್ಯಾಯ.

ಯಂತ್ರ ಓಡಲು ಬಿಡುವ ಮೊದಲು ನೋಡಲೇಬೇಕಾದ ಒಂದು ಜಾಗ ಲೇಬಲ್ಲಿನ ಎರಡು ತುದಿ ಸೇರುವ ಹೊಲಿಗೆ. ಕತ್ತರಿಸುವ ಚಾಕು ಒಂದು ಮಿಲಿಮೀಟರ್ ಆಚೀಚೆ ಆಗುವುದು ಮಾಮೂಲು. ಸಾದಾ ಲೇಬಲ್‌ನಲ್ಲಿ ಅದು ಗೊತ್ತಾಗುವುದಿಲ್ಲ, ಟಾರ್ಟನ್‌ನಲ್ಲಿ ಪಟ್ಟೆ ಮುರಿದಂತೆ ಕಾಣುತ್ತದೆ. ಹೊಲಿಗೆಯನ್ನು ಅತಿ ಅಗಲವಾದ ಉದ್ದಪಟ್ಟೆಯ ಮಧ್ಯಕ್ಕೆ ತಂದರೆ ಆ ಒಂದು ಮಿಲಿಮೀಟರ್ ಅದರೊಳಗೇ ಅಡಗುತ್ತದೆ. ಅಡ್ಡಪಟ್ಟೆಗಳು ಮೆಟ್ಟಿಲಿನಂತೆ ಏರುಪೇರಾಗಿದ್ದರೆ ದೋಷ ಮುದ್ರಣದ್ದಲ್ಲ, ಲೇಬಲ್ ಓರೆಯಾಗಿ ಸುತ್ತಿಕೊಂಡಿದೆ. ಸುತ್ತುವ ಯಂತ್ರವನ್ನು ಸರಿಮಾಡಬೇಕು. ಆಮೇಲೆ ತುಂಬಿದ ಬಾಟಲಿಯನ್ನು ಹಗಲಿನ ಬೆಳಕಿನಲ್ಲಿ ನೇಯ್ದ ಉಣ್ಣೆಯ ತುಣುಕಿನ ಪಕ್ಕ ಇಟ್ಟು, ತೋಳುದ್ದ ದೂರದಿಂದ ಹಳದಿ ಗೆರೆ ಕಾಣುತ್ತಿದೆಯೇ ಎಂದು ನೋಡಬೇಕು.